ಕೆರೆದಂಡೆಯ ಕೆಂಡ

ಕೆರೆಯ ದಂಡೆಯಲ್ಲಿ ಡೇರೆ ಹಾಕಿ ತಂಗಿದ್ದವರು ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಅವರು ಆರಿಸದೆ ಬಿಟ್ಟ ಬೆಂಕಿಯ ಬೂದಿಯೊಳಗಿಂದ ಒಂದು ಕೆಂಡ, ಪಕ್ಕದ ಹುಲ್ಲಿನಲ್ಲಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದ ಟಿಟ್ಟಿಭ ಹಕ್ಕಿಯನ್ನು ಕರೆಯಿತು.

"ತಾಯಿ, ನನ್ನ ಉಸಿರು ನಿಲ್ಲುತ್ತಿದೆ. ನನ್ನ ಸುತ್ತ ಕೂತು ಹಾಡಿದವರು ತಿರುಗಿಯೂ ನೋಡಲಿಲ್ಲ. ಒಮ್ಮೆ ರೆಕ್ಕೆ ಬೀಸಿ ಬದುಕಿಸು."

ಹಕ್ಕಿ ಎದ್ದು ಬಂದು ರೆಕ್ಕೆ ಬೀಸಿತು. ಕೆಂಡ ಕೆಂಪಗಾದದ್ದೇ ತಡ, "ನೀನು ಕೂತಿದ್ದ ಆ ಹುಲ್ಲು ಚೆನ್ನಾಗಿ ಒಣಗಿದೆಯೇ?" ಎಂದು ಕೇಳಿತು.

ಹಕ್ಕಿ ಕೆರೆಗಿಳಿದು, ಎದೆಯ ಗರಿಗಳನ್ನು ನೆನೆಸಿಕೊಂಡು ಬಂದು ಕೆಂಡದ ಮೇಲೆ ಕೊಡವಿತು.

"ನಿನಗೆ ಕರುಣೆಯೇ ಇಲ್ಲವೇ?" ಎಂದು ಕೆಂಡ ಚುಂಯ್‌ಗುಟ್ಟಿತು.

"ಇದೆ. ಮೊಟ್ಟೆಗಳೂ ಇವೆ" ಎಂದು ಹಕ್ಕಿ ಮತ್ತೆ ನೀರಿಗಿಳಿಯಿತು.