ಲಗ್ನಪತ್ರಿಕೆಯವನ ಹಳೆಯ ಕಂಪ್ಯೂಟರ್

"ಗುರುಗಳೇ, ಬೇಡವಾದದ್ದನ್ನು ಬಿಟ್ಟರೆ ಬದುಕು ಹಗುರಾಗುತ್ತದೆ ಎಂದು ನೀವು ಹೇಳುತ್ತೀರಿ. ಯಾವುದು ಬೇಡವಾದದ್ದು ಎಂದು ತಿಳಿಯುವುದು ಹೇಗೆ? ಬಹಳ ಕಾಲದಿಂದ ಯಾರೂ ಮುಟ್ಟದೆ ಬಿದ್ದಿದೆ ಎಂದರೆ ಅದು ಬೇಡವಾದದ್ದೇ ಅಲ್ಲವೇ?"

ಹೀಗೆ ಕೇಳಿದವನು ಅಡಿವೆಪ್ಪ ಎಂಬ ಶಿಷ್ಯ. ಮಠದ ಉಗ್ರಾಣವನ್ನು ಒಪ್ಪ ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಉತ್ತರವನ್ನು ಅವನು ಆಗಲೇ ಕಂಡುಕೊಂಡಿದ್ದ. ಗುರುಗಳು ಹೂಂ ಎಂದರೆ ಸಾಕಿತ್ತು. ಗುರುಗಳು ಹೂಂ ಎನ್ನಲಿಲ್ಲ. ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವವನೊಬ್ಬನಿದ್ದ. ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದ. ಮದುವೆ ಗೊತ್ತಾದ ಮನೆಯವರು ಬಂದು ಹೆಸರುಗಳನ್ನು ಹೇಳುವರು. ಅವನು ಅಕ್ಷರ ಕೂಡಿಸಿ, ಮೇಲೆ ಗಣಪತಿಯನ್ನು ಕೂರಿಸಿ, ಅಚ್ಚಿನ ಮನೆಗೆ ಕಳಿಸುವನು. ಸೋದರಮಾವನ ಹೆಸರೇ ಬಿಟ್ಟುಹೋಯಿತೆಂದು ಊಟದ ಹೊತ್ತಿನಲ್ಲಿ ಓಡಿಬಂದವರ ಮೇಲೂ ಅವನು ರೇಗಿದವನಲ್ಲ. ಒಳ್ಳೆಯ ಮನುಷ್ಯ. ಒಳ್ಳೆಯವರ ಕೈಯಿಂದ ಹಾನಿಯಾದರೆ ಬಯ್ಯಲೂ ಬಾಯಿ ಬರುವುದಿಲ್ಲ, ಅದೇ ಕಷ್ಟ.

ಅವನ ಹೆಂಡತಿಗೆ ಕಸೂತಿ ಬರುತ್ತಿತ್ತು. ಆದರೆ ಅವಳ ತಾಯಿಗೆ ಬರುತ್ತಿದ್ದುದರಲ್ಲಿ ಅದು ಕಾಲುಭಾಗವೂ ಅಲ್ಲ. ಆ ತಾಯಿ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಎಳೆದುಕೊಳ್ಳದೆ, ಬರೀ ಎಳೆ ಎಣಿಸಿ ಗೋಪುರ, ನವಿಲು, ಪಲ್ಲಕ್ಕಿಗಳನ್ನು ಹೊಲಿಯುತ್ತಿದ್ದಳು. ಲೆಕ್ಕವೆಲ್ಲ ಬೆರಳಿನಲ್ಲಿತ್ತು. ಅವಳು ತೀರಿಕೊಂಡ ಮೇಲೆ ಉಳಿದದ್ದು ಅವಳು ಹೊಲಿದ ಒಂದು ಕರಿಯ ಚಂದ್ರಕಾಳಿ ಸೀರೆ. ಅದೂ ಮಡಿಕೆ ಮಡಿಕೆಯಲ್ಲಿ ಸೀಳಿತ್ತು.

ಆಷಾಢದಲ್ಲಿ ಮದುವೆಗಳಿಲ್ಲ. ಹಾಗಾಗಿ ಲಗ್ನಪತ್ರಿಕೆಯ ಕೆಲಸವೂ ಇಲ್ಲ. ಅಂಥ ಒಂದು ಆಷಾಢದಲ್ಲಿ ಹೆಂಡತಿ ತಾಯಿಯ ಆ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು. ಚೌಕುಳಿ ಚೌಕುಳಿಯಾಗಿ ಚಿತ್ರ ಬರೆಯುವ ಒಂದು ಪ್ರೋಗ್ರಾಮನ್ನು ಗಂಡನೇ ಹಾಕಿಕೊಟ್ಟಿದ್ದ. ಅದರಲ್ಲಿ ತಾಯಿಯ ಹೊಲಿಗೆಯನ್ನೆಲ್ಲ ಎಳೆ ಬಿಡದೆ ಇಳಿಸಿದಳು. ಇನ್ನು ನೋಡಿ ನೋಡಿ ಹೊಸ ಬಟ್ಟೆಗೆ ಹೊಲಿಯಬೇಕು, ಕೈ ಕೂತ ಮೇಲೆ ತನ್ನ ಮಗಳಿಗೂ ಕಲಿಸಬೇಕು ಎಂಬುದು ಅವಳ ಆಸೆ. ಅದಕ್ಕಿಂತ ದೊಡ್ಡ ಆಸೆ ಅವಳಿಗೆ ಇರಲಿಲ್ಲ.

"ಎಲ್ಲಾ ಕಂಪ್ಯೂಟರಿನ್ಯಾಗ ಬಂತಲ್ಲ, ಇನ್ನ ಈ ಚಿಂದಿ ಯಾಕ?" ಎಂದ ಗಂಡ. ಅವಳ ಮನಸ್ಸು ಹಿಂದೆಮುಂದೆ ನೋಡಿತು. ಆಮೇಲೆ ಅದೂ ಸರಿ ಎನಿಸಿತು. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ, ಉಳಿದ ಹಳೆಯ ಸೀರೆಗಳ ಜೊತೆಗೆ ಅದನ್ನೂ ಕೊಟ್ಟು ಒಂದು ಸ್ಟೀಲ್ ಡಬರಿ ತೆಗೆದುಕೊಂಡಳು.

ಮದುವೆಯ ಕಾಲ ಬಂತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗಂಡನ ಕುರ್ಚಿಯ ಹಿಂದೆ ಬಂದು ನಿಲ್ಲುವಳು. "ರೀ, ಒಂದೀಟು ಬಿಡ್ತೀರೇನು? ನವಿಲಿಂದು ನೋಡಬೇಕಾಗಿತ್ತು," ಎನ್ನುವಳು.

"ಐದು ನಿಮಿಷ ತಡಿ," ಎನ್ನುವನು ಅವನು. "ಆಷಾಢ ಬರ್ಲಿ, ಆಮ್ಯಾಲೆ ಪೂರಾ ನಿಂದ."

ಅವಳು ತುಸು ಹೊತ್ತು ನಿಂತು, ಒಲೆಯ ಮೇಲಿನ ರೊಟ್ಟಿ ನೆನಪಾಗಿ ಒಳಗೆ ಹೋಗುವಳು. ಆಷಾಢವೂ ಬಂತು. ಆದರೆ ಆ ವರ್ಷ ಊರಲ್ಲಿ ಚುನಾವಣೆ ಇತ್ತು, ಕರಪತ್ರಗಳ ಕೆಲಸ ಸಿಕ್ಕಿತು. ಅದು ಮುಗಿದ ಮೇಲೆ, ವರ್ಷವಿಡೀ ದುಡಿದಿದ್ದೇನೆ, ನನಗೂ ಬೇಸರ ಕಳೆಯಬೇಡವೇ ಎಂದು ಅವನು ಕಂಪ್ಯೂಟರಿನಲ್ಲೇ ಇಸ್ಪೀಟು ಆಡಿದ, ಸಿನಿಮಾ ನೋಡಿದ. ಹೆಂಡತಿ ಕೇಳುವುದನ್ನು ನಿಲ್ಲಿಸಿದಳು. ಹುಚ್ಚು ಇಳಿಯಿತು ಎಂದುಕೊಂಡ ಅವನು.

ಅಷ್ಟರಲ್ಲಿ ಕಂಪ್ಯೂಟರಿಗೂ ವಯಸ್ಸಾಯಿತು. ಬೆಳಗ್ಗೆ ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ಸ್ನಾನ ಮುಗಿಸಿ, ಪೂಜೆ ಮುಗಿಸಿ ಬಂದರೂ ಅದು ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿತ್ತು. ಒಂದು ಹೆಸರು ತಿದ್ದುವಷ್ಟರಲ್ಲಿ ಮದುವೆಯೇ ಮುಗಿದುಹೋದೀತು ಎಂದು ಗಿರಾಕಿಗಳು ನಗುತ್ತಿದ್ದರು. ನಕ್ಕವರೆಲ್ಲ ಮುಂದಿನ ಸಲ ಬೇರೆ ಕಡೆಗೆ ಹೋದರು. ಹೊಸದು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ರಿಪೇರಿ ಅಂಗಡಿಗೆ ಹೋಗಿ ಕಷ್ಟ ಹೇಳಿಕೊಂಡ. ಅಂಗಡಿಯವನು ಯಾವುದೋ ಕೆಟ್ಟ ಯಂತ್ರದಿಂದ ಬಿಚ್ಚಿಟ್ಟಿದ್ದ ಮೆಮೊರಿಯ ತುಂಡೊಂದನ್ನು ಅಗ್ಗಕ್ಕೆ ಕೊಟ್ಟ. "ಇದೊಂದರಿಂದ ಆಗೂದಿಲ್ರಿ. ಒಳಗ ಬ್ಯಾಡಾದದ್ದೆಲ್ಲ ತಗೀರಿ, ಅದಕ್ಕ ಖರ್ಚಿಲ್ಲ," ಎಂದೂ ಹೇಳಿದ.

ಆಷಾಢ ಹಿಡಿದ ಕೂಡಲೇ ಅವನು ಕೆಲಸಕ್ಕೆ ಕೂತ. ಪೆಟ್ಟಿಗೆ ಬಿಚ್ಚಿ, ಹಳೆಯ ಬ್ರಶ್ಶಿನಿಂದ ಧೂಳು ತೆಗೆದ. ತಂದ ತುಂಡನ್ನು ಸಿಕ್ಕಿಸಿದ. ಯಂತ್ರ ಏಳುವಾಗಲೇ ತಾವೂ ಏಳಬೇಕೆಂದು ನುಗ್ಗುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದ. ಆಮೇಲೆ ಅಳಿಸಲು ಶುರುಮಾಡಿದ. ಯಾವುದನ್ನು ಕೊನೆಯ ಸಲ ಯಾವಾಗ ತೆರೆದದ್ದು ಎಂಬುದನ್ನು ಯಂತ್ರವೇ ತೋರಿಸುತ್ತಿತ್ತು. ಬಹಳ ದಿನದಿಂದ ತೆರೆಯದೆ ಇದ್ದದ್ದನ್ನೆಲ್ಲ ತೆಗೆದ. ಅಳಿಸುವುದರಲ್ಲೂ ಒಂದು ರುಚಿಯಿದೆ. ಒಮ್ಮೆ ಹತ್ತಿತೆಂದರೆ ಕೈ ನಿಲ್ಲುವುದಿಲ್ಲ. ತೆಗೆದದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಬರಿದು ಮಾಡಿದ. ಖಾಲಿಯಾದ ಜಾಗವನ್ನು ಪೂರ್ತಿ ಒರೆಸಿಬಿಡುವ ಒಂದು ಪ್ರೋಗ್ರಾಮನ್ನು ಎಲ್ಲಿಂದಲೋ ಹುಡುಕಿ ತಂದು ಅದನ್ನೂ ಓಡಿಸಿದ.

ಮರುದಿನ ಗುಂಡಿ ಒತ್ತಿದರೆ ಯಂತ್ರ ಆಗಲೇ ಎದ್ದು ಕೂತಿತ್ತು. ಅವನಿಗೆ ಹಿಡಿಸಲಾರದಷ್ಟು ಹಿಗ್ಗು. ಹೆಂಡತಿಯನ್ನು ಕೂಗಿ ಕರೆದ. "ಬಾ ಇಲ್ಲೆ! ಆಷಾಢ ಬಂತು ನೋಡು. ಕೂಡು, ಈಗ ಪೂರಾ ನಿಂದ."

ಅವಳು ಕೈ ತೊಳೆದುಕೊಂಡು ಬಂದಳು. ಹೊಸ ಸೀರೆ ಉಟ್ಟು ಆರತಿಗೆ ಕೂತವಳ ಹಾಗೆ ಸಂಕೋಚದಿಂದ ಕೂತಳು. ಹುಡುಕಿದಳು. ಮತ್ತೊಮ್ಮೆ ಹುಡುಕಿದಳು.

"ಅವ್ವನ ನಮೂನಿ ಎಲ್ಲಿ ಇಟ್ಟೀರಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ತಾನೇ ಬಗ್ಗಿ ಹುಡುಕಿದ, ಇರಲಿಲ್ಲ. "ಬಾಳ ದಿನದಿಂದ ಯಾರೂ ಮುಟ್ಟೇ ಇರಲಿಲ್ಲಲ್ಲ," ಎಂದ. "ಬ್ಯಾಡಾಗ್ಯಾವೇನೋ ಅಂತ..."

"ಹೌದ್ರಿ, ಮುಟ್ಟಿರಲಿಲ್ಲ," ಎಂದಳು ಅವಳು. ಅಳಲಿಲ್ಲ, ಬೈಯಲಿಲ್ಲ. ಎದ್ದು ಒಳಗೆ ಹೋದಳು.

ಅವನು ಪೆಟ್ಟಿಗೆಯನ್ನು ಹೊತ್ತುಕೊಂಡು ಅಂಗಡಿಗೆ ಓಡಿದ. ಬರೀ ಅಳಿಸಿದ್ದರೆ ಹೇಗಾದರೂ ತೆಗೆಯಬಹುದಿತ್ತು, ಒರೆಸಿದ ಮೇಲೆ ಏನೂ ಸಿಗುವುದಿಲ್ಲ ಎಂದು ಅಂಗಡಿಯವನು ಕೈಚೆಲ್ಲಿದ. ಲಗ್ನಪತ್ರಿಕೆಯವನು ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳನ್ನೂ ಓಣಿ ಓಣಿ ಹುಡುಕಿದ. ಅವಳು ಸಿಕ್ಕಳು, ಸೀರೆ ಸಿಗಲಿಲ್ಲ. ಅಂಥ ಎಷ್ಟೋ ಸೀರೆ ತನ್ನ ಕೈ ದಾಟಿ ಹೋಗಿವೆ, ಯಾವುದೆಂದು ನೆನಪಿಡಲಿ ಎಂದಳು.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಅಷ್ಟು ಅವಸರ ಯಾಕೆ ಮಾಡಿದೆ, ಒಂದು ಮಾತು ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ ಎಂದು ತನ್ನನ್ನು ತಾನೇ ಹಳಿದುಕೊಂಡ. ಹೆಂಡತಿ ಆ ಡಬರಿಯಲ್ಲಿ ಸಾರು ತಂದು ಬಡಿಸುವಾಗ ಅದರ ಕಡೆ ನೋಡಲಾರದೆ ತಲೆ ತಗ್ಗಿಸುತ್ತಿದ್ದ. ದಿನವೂ ಅವಳನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದ. ನೆನಪು ಮಾಡಿಕೊಂಡು ಬರೆ ಎಂದು ಬೇಡಿಕೊಂಡ. ಅವಳೂ ಗಂಡನ ಮನಸ್ಸಿಗಾಗಿ ಕೂತಳು. ಗೋಪುರ ಬಂತು. ನವಿಲಿನ ಕುತ್ತಿಗೆಯವರೆಗೂ ಬಂತು. ಅಲ್ಲಿಂದ ಮುಂದೆ ಎಳೆಯ ಲೆಕ್ಕ ಹತ್ತಲಿಲ್ಲ. ಆಷಾಢ ಮುಗಿದು ಮದುವೆಗಳು ಶುರುವಾದವು. ಯಂತ್ರ ಬಹಳ ಚುರುಕಾಗಿದೆ ಎಂದು ಗಿರಾಕಿಗಳು ಹೊಗಳುತ್ತಾ ತಿರುಗಿ ಬಂದರು. ಆ ಹೊಗಳಿಕೆ ಅವನಿಗೆ ಚುಚ್ಚುತ್ತಿತ್ತು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು.

ಅಡಿವೆಪ್ಪನಿಗೆ ಆ ಮನುಷ್ಯನ ಮೇಲೆ ಕನಿಕರ ಬಂತು. "ಪಾಪ, ಕೇಳದೆ ಅಳಿಸಿದ್ದು ಅವನ ತಪ್ಪೇ," ಎಂದ. "ಆದರೂ ಗುರುಗಳೇ, ಅವಳು ಅಷ್ಟು ದಿನ ಆ ನಮೂನೆಗಳನ್ನು ಮುಟ್ಟಿರಲಿಲ್ಲ ಎಂಬುದು ನಿಜ ತಾನೇ?"

"ನಿಜ," ಎಂದರು ಗುರುಗಳು, "ಅವಳು ಮುಟ್ಟದ ಅಷ್ಟೂ ದಿನ ಆ ಕುರ್ಚಿಯಲ್ಲಿ ಕೂತಿದ್ದವನು ಅವನೇ."

ಅಡಿವೆಪ್ಪ ಎದ್ದು, ಉಗ್ರಾಣದಲ್ಲಿ ಬಿದ್ದಿರುವುದು ಯಾವುದು ಯಾರದೆಂದು ಕೇಳಿಕೊಂಡು ಬರಲು ಹೊರಟ.