ತೂತಿನ ಡಿಸ್ಕುಗಳು

“ಉಸ್ತಾದ್, ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಗಿರಾಕಿ ಕೇಳದಿದ್ದರೆ ಆಮೇಲಿನ ಹೊಣೆ ನಮ್ಮದೇ?”

ಕೇಳಿದವನು ಫಕೀರಪ್ಪ. ಆರು ವರ್ಷದಿಂದ ದಸ್ತಗೀರ್ ಉಸ್ತಾದರ ಗ್ಯಾರೇಜಿನಲ್ಲಿದ್ದ. ಉಸ್ತಾದರು ಕಲಿಸುತ್ತಿದ್ದದ್ದು ಬ್ರೇಕಿನ ಕೆಲಸ ಒಂದನ್ನೇ. ಅಂದು ಬೆಳಿಗ್ಗೆ ಒಬ್ಬ ಗಿರಾಕಿ ತನ್ನ ಕಾರಿಗೆಂದು ತಾನೇ ತರಿಸಿದ ಬ್ರೇಕ್ ಡಿಸ್ಕುಗಳನ್ನು ಬಿಟ್ಟುಹೋಗಿದ್ದ. ಅವು ಊರೊಳಗಿನ ರಸ್ತೆಗೆ ಸಾಕಾಗುವಂಥವು. ಅವನು ಹೊರಟಿದ್ದದ್ದು ರೇಸ್ ಟ್ರ್ಯಾಕಿಗೆ. ಫಕೀರಪ್ಪ ಬೇಡ ಎಂದಿದ್ದ. ಗಿರಾಕಿ ನಕ್ಕು, ಸಂಜೆಯೊಳಗೆ ಹಾಕಿಡು ಎಂದು ಹೇಳಿ ಹೋಗಿದ್ದ.

ಉಸ್ತಾದರು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತರು. ನೇರವಾಗಿ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮಿಸ್ತ್ರಿ ಇದ್ದ. ಬ್ರೇಕಿನ ಕೆಲಸದಲ್ಲಿ ಅವನಷ್ಟು ನಿಗಾ ಇದ್ದವರು ಸುತ್ತಿನಲ್ಲಿ ಇರಲಿಲ್ಲ. ಅವನ ಕೈಯಿಂದ ಹೊರಬಿದ್ದ ಗಾಡಿ ಮತ್ತೆ ಅದೇ ದೂರು ಹೊತ್ತು ಬಂದದ್ದಿಲ್ಲ. ಅದೇ ಊರಿನಲ್ಲಿ ಒಬ್ಬ ಟೈಲ್ಸ್ ವ್ಯಾಪಾರಿ ಇದ್ದ. ಒಂಬತ್ತು ವರ್ಷದಿಂದ ತನ್ನ ಕಾರನ್ನು ಈ ಮಿಸ್ತ್ರಿಯ ಬಳಿಯೇ ಬಿಡುತ್ತಿದ್ದ. ಗಿರಾಕಿ ಎನ್ನುವುದಕ್ಕಿಂತ ಹೆಚ್ಚಿನವನಾಗಿದ್ದ. ಮಿಸ್ತ್ರಿಯ ಮಗನ ಮದುವೆಯಲ್ಲಿ ಬೀಗರ ಜೊತೆ ನಿಂತು ಊಟ ಬಡಿಸಿದ್ದ.

ವ್ಯಾಪಾರಿಗೆ ನಲವತ್ತೈದರ ಮೇಲೆ ಟ್ರ್ಯಾಕಿನ ಹುಚ್ಚು ಹಿಡಿಯಿತು. ವಾರವೆಲ್ಲ ಅದೇ ಕಾರಿನಲ್ಲಿ ಅಂಗಡಿಗೆ ಹೋಗುವುದು, ಭಾನುವಾರ ಅದೇ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವುದು. ಒಂದು ದಿನ ಅವನು ಮಿಸ್ತ್ರಿಯನ್ನು ಕೇಳಿದ, “ಎರಡಕ್ಕೂ ಆಗುವಂಥ ಡಿಸ್ಕು ಯಾವುದು ಹೇಳು.”

ಮಿಸ್ತ್ರಿ ಹೇಳಿದ, “ದಪ್ಪನೆಯದು, ನಡುವೆ ಗಾಳಿ ಹಾಯುವಂಥದು, ಮೇಲ್ಮೈ ಸಪಾಟಾಗಿರುವಂಥದು ಹಾಕಿಸಿ. ಬೇಕಿದ್ದರೆ ಮೇಲೆ ಗೀರು ಕೊರೆದದ್ದು ಇರಲಿ. ಭಾನುವಾರಕ್ಕೆ ಡಿಸ್ಕನ್ನು ಒತ್ತಿ ಹಿಡಿಯುವ ಬೇರೆ ಪ್ಯಾಡು ಕೊಡುತ್ತೇನೆ, ಸೋಮವಾರ ಬಂದು ಬದಲಾಯಿಸಿಕೊಂಡು ಹೋಗಿ.”

ವ್ಯಾಪಾರಿಯ ಮುಖ ಸಪ್ಪಗಾಯಿತು. ಅವನು ಡಿಕ್ಕಿ ತೆಗೆದು ಒಂದು ಪೆಟ್ಟಿಗೆ ತೋರಿಸಿದ. ಡಿಸ್ಕುಗಳನ್ನು ಆಗಲೇ ತರಿಸಿಬಿಟ್ಟಿದ್ದ. ಹೊಳೆಯುವ ಡಿಸ್ಕು. ಮೇಲೆಲ್ಲ ಸಾಲು ಸಾಲು ತೂತು. ಅವನ ಗೆಳೆಯರ ಕಾರುಗಳಲ್ಲಿ ಚಕ್ರದ ಸಂದಿನಿಂದ ಕಾಣುತ್ತಿದ್ದದ್ದು ಇಂಥವೇ.

ಮಿಸ್ತ್ರಿ ಒಂದನ್ನು ಕೈಗೆತ್ತಿಕೊಂಡು ನೋಡಿದ. ಮಾಲು ಕೆಟ್ಟದ್ದೇನಲ್ಲ. “ರಸ್ತೆಗೆ ಇದು ಒಳ್ಳೆಯದೇ,” ಎಂದ. “ಮಳೆಯಲ್ಲಿ ನೀರು ನಿಲ್ಲುವುದಿಲ್ಲ. ರಸ್ತೆಯಲ್ಲಿ ನೀವು ಒಮ್ಮೆ ಬ್ರೇಕು ಒತ್ತುತ್ತೀರಿ, ಆಮೇಲೆ ಡಿಸ್ಕು ತಣಿಯುತ್ತದೆ. ಟ್ರ್ಯಾಕಿನಲ್ಲಿ ತಣಿಯಲು ಬಿಡುವೇ ಇಲ್ಲ. ಕಾಯುತ್ತದೆ, ಆರುತ್ತದೆ, ಪೂರ್ತಿ ಆರುವ ಮೊದಲೇ ಮತ್ತೆ ಕಾಯುತ್ತದೆ. ಎಲ್ಲಿ ತೂತಿದೆಯೋ ಅಲ್ಲಿಂದ ಬಿರಿಯುತ್ತದೆ. ಸಾಹುಕಾರರೇ, ಟ್ರ್ಯಾಕಿಗೆ ಇದು ಬೇಡ.”

“ನೀನು ಯಾವಾಗಲೂ ಹೆದರಿಸುವವನೇ,” ಎಂದು ವ್ಯಾಪಾರಿ ನಕ್ಕ. “ಹಾಕು. ಏನಾದರೂ ಆದರೆ ನನ್ನ ತಲೆಯ ಮೇಲೆ.”

ಮಿಸ್ತ್ರಿ ಕೈಯಲ್ಲಿದ್ದ ಡಿಸ್ಕನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟ. ಒಲ್ಲೆ ಎಂದರೆ ಒಂಬತ್ತು ವರ್ಷದ ಒಡನಾಟ ಮುರಿಯುತ್ತದೆ. ಮುರಿದರೂ ಇವನೇನು ಸುಮ್ಮನಿರುವುದಿಲ್ಲ. ಎದುರು ಸಾಲಿನ ಗ್ಯಾರೇಜಿಗೆ ಹೋಗುತ್ತಾನೆ. ಅಲ್ಲಿಯವರು ತುಕ್ಕು ಕೂಡ ಒರೆಸದೆ ಹಾಕಿ ಕಳಿಸುತ್ತಾರೆ. ಹೇಗೂ ಹಾಕಿಸುವವನೇ, ನಾನು ಹಾಕಿದರೆ ಸರಿಯಾಗಿಯಾದರೂ ಹಾಕುತ್ತೇನೆ. ಹೀಗೆ ಯೋಚಿಸಿದಾಗ ಅವನ ಮನಸ್ಸು ಹಗುರವಾಯಿತು. ಅದು ಒಳ್ಳೆಯ ಯೋಚನೆ ಎಂದೇ ಅವನಿಗೆ ಅನ್ನಿಸಿತು.

ಅಂದು ಅವನು ಮಾಡಿದ್ದು ಅವನ ಜೀವಮಾನದಲ್ಲೇ ಅತ್ಯಂತ ಅಚ್ಚುಕಟ್ಟಾದ ಕೆಲಸ. ಡಿಸ್ಕು ಕೂರುವ ಜಾಗವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಡಿಸ್ಕನ್ನು ತಿರುಗಿಸಿ ಕೂದಲೆಳೆಯಷ್ಟೂ ಓಲಾಟ ಇಲ್ಲವೆಂದು ಮೀಟರಿಟ್ಟು ನೋಡಿದ. ಬ್ರೇಕ್ ಆಯಿಲ್ ಬದಲಾಯಿಸಿದ. ಪ್ರತಿ ಬೋಲ್ಟನ್ನೂ ಅಳತೆಯ ಪಾನಾದಲ್ಲಿ ಬಿಗಿದ.

ವ್ಯಾಪಾರಿಯ ಜೊತೆ ಅವನ ಮಗಳು ಬಂದಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಚಿಕ್ಕಂದಿನಿಂದ ಈ ಗ್ಯಾರೇಜಿಗೆ ಬಂದು ಟೈರಿನ ಮೇಲೆ ಕುಳಿತು ಅದೇನು ಇದೇನು ಎಂದು ಕೇಳುವುದು ಅವಳ ರೂಢಿ. ಅಂದೂ ಕೇಳಿದಳು, “ಕಾಕಾ, ಈ ತೂತು ಯಾಕೆ?”

“ಕಾವು ಹೊರಗೆ ಹೋಗಲಿ ಅಂತ ಮಾಡಿದ್ದು, ತಂಗಿ. ಈಗ ಚೆಂದಕ್ಕೇ ಹೆಚ್ಚು.”

“ಚೆಂದ ಇದೆ,” ಎಂದಳು ಅವಳು.

ಎರಡು ತಿಂಗಳು ಕಳೆಯಿತು. ವ್ಯಾಪಾರಿ ನಾಲ್ಕು ಸಲ ಟ್ರ್ಯಾಕಿಗೆ ಹೋಗಿ ಬಂದ. ಸ್ಟಿಯರಿಂಗ್ ಸ್ವಲ್ಪ ನಡುಗುತ್ತದೆ ಎಂದು ಹೇಳಿ ಒಂದು ಗುರುವಾರ ಕಾರನ್ನು ತಂದು ನಿಲ್ಲಿಸಿದ. ಮಿಸ್ತ್ರಿ ಜಾಕು ಕೊಟ್ಟು ಮುಂದಿನ ಚಕ್ರ ಬಿಚ್ಚಿದ. ಡಿಸ್ಕಿನ ತೂತುಗಳ ಅಂಚಿನಲ್ಲಿ ಸಣ್ಣ ಗೆರೆಗಳು ಕಂಡವು. ಬೆಳಕು ಹಿಡಿದು ನೋಡಿದ. ಉಗುರು ಹಾಯಿಸಿದ. ಉಗುರು ಸಿಕ್ಕಿಕೊಂಡಿತು. ಎಡಗಡೆಯ ಡಿಸ್ಕಿನಲ್ಲಿ ಒಂದು ತೂತಿನ ಗೆರೆ ಪಕ್ಕದ ತೂತನ್ನು ಮುಟ್ಟಲು ಒಂದು ಕಾಳಿನಷ್ಟು ಜಾಗ ಉಳಿದಿತ್ತು.

 ವ್ಯಾಪಾರಿಯನ್ನು ಕರೆದು ತೋರಿಸಿದ. ಅವನ ಬೆರಳನ್ನೇ ಹಿಡಿದು ಆ ಗೆರೆಯ ಮೇಲೆ ಓಡಿಸಿದ.

“ಹೊಸದು ಬರಲು ಎಷ್ಟು ದಿನ?”

“ಹತ್ತು ದಿನ. ಅಲ್ಲಿಯವರೆಗೆ ಗಾಡಿ ಇಲ್ಲೇ ಇರಲಿ.”

“ಹತ್ತು ದಿನ ಕಾರಿಲ್ಲದೆ ಹೇಗೆ? ಅಂಗಡಿಗೆ, ಮನೆಗೆ, ಅಷ್ಟೇ ಓಡಾಡುತ್ತೇನೆ. ಅಷ್ಟಕ್ಕೇನೂ ಆಗುವುದಿಲ್ಲವಲ್ಲ?”

ಮಿಸ್ತ್ರಿ ಡಿಸ್ಕನ್ನು ಮತ್ತೊಮ್ಮೆ ನೋಡಿದ. ನಿಧಾನ ಓಡಿಸಿದರೆ ಹತ್ತು ದಿನ ಬಾಳಬಹುದು ಎನ್ನಿಸಿತು. “ಟ್ರ್ಯಾಕಿಗೆ ಮಾತ್ರ ಖಂಡಿತ ಬೇಡ,” ಎಂದ. ಬಾಯಿಮಾತು ಸಾಲದು ಎನ್ನಿಸಿ ಜಾಬ್ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದ: ಡಿಸ್ಕು ಬಿರುಕು ಬಿಟ್ಟಿದೆ, ಟ್ರ್ಯಾಕಿಗೆ ಒಯ್ಯಬಾರದು. ವ್ಯಾಪಾರಿ ಅದರ ಕೆಳಗೆ ಸಹಿ ಹಾಕಿದ. ಮಿಸ್ತ್ರಿ ಕಾಗದವನ್ನು ಒಳಗಿಟ್ಟ. ಆಮೇಲೆ ಬಿಚ್ಚಿದ ಚಕ್ರವನ್ನು ಎತ್ತಿ ಮತ್ತೆ ಅದೇ ಜಾಗದಲ್ಲಿ ಕೂರಿಸಿದ. ಬೋಲ್ಟುಗಳನ್ನು ಬಿಗಿದು ಜಾಕು ಇಳಿಸಿದ. ಕಾರು ಹೋಯಿತು.

ಶುಕ್ರವಾರ, ಶನಿವಾರ ವ್ಯಾಪಾರಿ ಹೇಳಿದಂತೆಯೇ ನಡೆದುಕೊಂಡ. ಭಾನುವಾರ ಮಗಳ ಹುಟ್ಟುಹಬ್ಬ. ಒಂದು ಸಲ ಟ್ರ್ಯಾಕಿನಲ್ಲಿ ಕೂರಿಸಿಕೊಂಡು ಹೋಗಪ್ಪ ಎಂದು ಅವಳು ವರ್ಷದಿಂದ ಪೀಡಿಸುತ್ತಿದ್ದಳು. ನಾಲ್ಕೇ ಸುತ್ತು, ಅದೂ ನಿಧಾನವಾಗಿ ಎಂದುಕೊಂಡು ಅವನು ಹೊರಟ.

ಮೊದಲ ಸುತ್ತು ನಿಧಾನವಾಗಿತ್ತು. ಎರಡನೆಯದೂ ನಿಧಾನವಾಗಿತ್ತು. ಮೂರನೆಯದರಲ್ಲಿ ಮಗಳು ಇನ್ನೂ ಜೋರು ಎಂದಳು. ಉದ್ದನೆಯ ನೇರ ದಾರಿಯ ತುದಿಯಲ್ಲಿ ಅವನು ಬ್ರೇಕು ಒತ್ತಿದಾಗ ಎಡಗಡೆಯ ಡಿಸ್ಕು ತೂತಿನಿಂದ ತೂತಿಗೆ ಸೀಳಿ ಒಡೆಯಿತು. ಕಾರು ತಿರುವಿನಲ್ಲಿ ತಿರುಗಲಿಲ್ಲ. ಎಡ ಮಗ್ಗುಲಿನಿಂದ ಗೋಡೆಗೆ ಬಡಿಯಿತು. ಎಡ ಮಗ್ಗುಲಲ್ಲಿ ಮಗಳು ಕುಳಿತಿದ್ದಳು.

ವ್ಯಾಪಾರಿ ಬದುಕಿದ. ಹುಡುಗಿ ಉಳಿಯಲಿಲ್ಲ.

ಪೊಲೀಸರು ಗ್ಯಾರೇಜಿಗೆ ಬಂದರು. ಮಿಸ್ತ್ರಿ ಒಳಗಿನಿಂದ ಜಾಬ್ ಕಾರ್ಡು ತಂದು ಕೊಟ್ಟ. ಇನ್ಸ್‌ಪೆಕ್ಟರು ಕೆಂಪು ಅಕ್ಷರ ಓದಿದರು, ಸಹಿ ನೋಡಿದರು. “ಇಷ್ಟು ಸ್ಪಷ್ಟವಾಗಿ ಬರೆದಿದ್ದೀರಿ. ನಿಮ್ಮದೇನೂ ತಪ್ಪಿಲ್ಲ,” ಎಂದರು. ಅಕ್ಕಪಕ್ಕದ ಅಂಗಡಿಯವರೂ ಅದನ್ನೇ ಹೇಳಿದರು. ಕಾಗದ ಬರೆದಿಟ್ಟಿದ್ದಕ್ಕೆ ಬಚಾವಾದೆ ಎಂದು ಒಬ್ಬ ಬೆನ್ನು ತಟ್ಟಿದ. ಮಿಸ್ತ್ರಿ ತಲೆ ಆಡಿಸಿದ. ಮನೆಗೆ ಹೋಗಿ ಊಟಕ್ಕೆ ಕುಳಿತ. ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಎದ್ದ.

ಹನ್ನೊಂದನೆಯ ದಿನ ಅವನು ವ್ಯಾಪಾರಿಯ ಮನೆಗೆ ಹೋದ. ಬೈಸಿಕೊಳ್ಳಲು ಹೋದ. ಕೆನ್ನೆಗೆ ಹೊಡೆದರೂ ಹೊಡೆಯಲಿ ಎಂದುಕೊಂಡೇ ಹೋದ. ವ್ಯಾಪಾರಿ ಮಂಚದ ಮೇಲೆ ಮಲಗಿದ್ದ. ಕಾಲಿಗೆ ಕಟ್ಟು ಹಾಕಿದ್ದರು. ಮಿಸ್ತ್ರಿಯನ್ನು ಕಂಡದ್ದೇ ಅವನು ಎರಡೂ ಕೈ ಜೋಡಿಸಿದ. “ನೀನು ಹೇಳಿದ್ದೆ. ನಾನು ಕೇಳಲಿಲ್ಲ,” ಎಂದು ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಹೆಂಡತಿ ಒಳಗಿನಿಂದ ಒಂದು ಲೋಟ ನೀರು ತಂದಳು. “ನೀವು ಎಚ್ಚರಿಕೆ ಕೊಟ್ಟಿದ್ದಿರಂತೆ,” ಎಂದಳು. “ನಿಮ್ಮ ಋಣ ದೊಡ್ಡದು, ಅಣ್ಣ. ನಮ್ಮ ಹಣೆಬರಹ.”

ಮಿಸ್ತ್ರಿಯ ಕೈಯಲ್ಲಿ ಲೋಟ ಹಾಗೆಯೇ ಉಳಿಯಿತು. ಆ ತಾಯಿ ತನ್ನನ್ನು ಶಪಿಸಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು.  ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದು ಬಂದ.

ಆಮೇಲೆ ಅವನು ಮತ್ತೆ ಗ್ಯಾರೇಜು ತೆಗೆದ. ಇನ್ನು ಮೇಲೆ ಇಂಥ ಕೆಲಸ ಮಾಡುವುದಿಲ್ಲವೆಂದು ಗಟ್ಟಿ ಮಾಡಿಕೊಂಡಿದ್ದ. ತಿಂಗಳೊಳಗೆ ಇನ್ನೊಬ್ಬ ಗಿರಾಕಿ ಅಂಥವೇ ತೂತಿನ ಡಿಸ್ಕುಗಳನ್ನು ತಂದ. ಅವನೂ ಟ್ರ್ಯಾಕಿಗೇ ಹೊರಟವನು. ಮಿಸ್ತ್ರಿ ಒಲ್ಲೆ ಎಂದ. ಕಾರಣ ಹೇಳಿದ. ಹುಡುಗಿ ಸತ್ತದ್ದನ್ನೂ ಹೇಳಿದ. ಗಿರಾಕಿ ಕೇಳಿ ಅಯ್ಯೋ ಎಂದ. ಪೆಟ್ಟಿಗೆಯನ್ನು ಎತ್ತಿಕೊಂಡು ಎದುರು ಸಾಲಿಗೆ ಹೋದ. ಮಿಸ್ತ್ರಿ ತನ್ನ ಬಾಗಿಲಲ್ಲಿ ನಿಂತು ನೋಡಿದ. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಕಾರು ಅವನ ಮುಂದೆಯೇ ಹೋಯಿತು. ಚಕ್ರದ ಸಂದಿನಿಂದ ಡಿಸ್ಕುಗಳು ಹೊಳೆದವು.

ಅಲ್ಲಿಗೆ ಅವನ ಬಲವೆಲ್ಲ ಉಡುಗಿತು. ಹಾಕಿದ್ದರಿಂದ ಒಂದು ಜೀವ ಹೋಯಿತು. ಹಾಕದಿದ್ದರಿಂದ ಯಾರ ಜೀವವೂ ಉಳಿಯುವಂತೆ ಕಾಣಲಿಲ್ಲ. ಅವನು ಮೊದಲು ಯೋಚಿಸಿದ್ದೆಲ್ಲ ನಿಜವೇ ಆಗಿತ್ತು. ಎದುರಿನವರು ಹಾಕಿಯೇ ಹಾಕುತ್ತಿದ್ದರು. ಆ ನಿಜ ಈಗ ಅವನಿಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ. ಒಂದು ವಾರ ಬಾಗಿಲು ತೆಗೆದು ಸುಮ್ಮನೆ ಕುಳಿತ. ಗಾಡಿ ಬಂದರೆ ಎದುರಿನ ಕಡೆ ಕೈ ತೋರಿಸಿದ. ಎಂಟನೆಯ ದಿನ ಸಾಮಾನುಗಳನ್ನೆಲ್ಲ ಒಬ್ಬ ಗುಜರಿಯವನಿಗೆ ಎತ್ತಿಕೊಟ್ಟ. ಮಗ ಬಂದು ಕೇಳಿದ, ನೆಂಟರು ಕೇಳಿದರು. ಯಾರಿಗೂ ಏನೂ ಹೇಳಲಿಲ್ಲ. ಊರ ಹೊರಗಿನ ಗೋಡೌನಿನಲ್ಲಿ ಕಾವಲಿನ ಕೆಲಸಕ್ಕೆ ಸೇರಿದ. ಅಲ್ಲಿ ಬರುವ ಹೋಗುವ ಲಾರಿಗಳ ನಂಬರು ಬರೆಯುವುದಷ್ಟೇ ಅವನ ಕೆಲಸವಾಗಿತ್ತು. ಲಾರಿ ಬ್ರೇಕು ಹಾಕಿದ ಸದ್ದು ಕೇಳಿದಾಗಲೆಲ್ಲ ಅವನು ಪೆನ್ನು ಕೆಳಗಿಟ್ಟು, ಅದು ಪೂರ್ತಿ ನಿಲ್ಲುವವರೆಗೆ ಕಾಯುತ್ತಿದ್ದ. ಸಾಯುವವರೆಗೂ ಹಾಗೆಯೇ ಇದ್ದ.

ಉಸ್ತಾದರು ಕತೆ ನಿಲ್ಲಿಸಿದರು.

ಫಕೀರಪ್ಪನಿಗೆ ಆ ಮಿಸ್ತ್ರಿಯ ಮೇಲೆ ಮರುಕ ಹುಟ್ಟಿತ್ತು. ಸ್ವಲ್ಪ ಸಿಟ್ಟೂ ಬಂದಿತ್ತು. ಅನ್ಯಾಯವಾಗಿ ಒಬ್ಬ ಒಳ್ಳೆಯ ಕೆಲಸಗಾರ ಹಾಳಾದ ಎನ್ನಿಸಿತು ಅವನಿಗೆ.

“ಆದರೆ ಉಸ್ತಾದ್, ಅವನು ಹೇಳಿದ್ದನಲ್ಲ,” ಎಂದ. “ಒಂದಲ್ಲ, ಎರಡು ಸಲ ಹೇಳಿದ್ದ. ಬರೆದೂ ಕೊಟ್ಟಿದ್ದ. ಇನ್ನೇನು ಮಾಡಬೇಕಿತ್ತು ಅವನು?”

ಉಸ್ತಾದರು ಅವನ ಮುಖ ನೋಡಿ ಕೇಳಿದರು, “ಬೇಡ ಎಂದದ್ದು ಬಾಯಿ, ಸರಿ, ಬೋಲ್ಟು ಬಿಗಿದದ್ದೂ ಬಾಯಿಯೇ?”