ಬಿಳಿ ಕರಡಿಯ ಮಂಕು ಬಿಡಿಸಿದ ಜವರ

ದ್ಯಾವಮ್ಮನಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು. ಹಾಲು ಉಕ್ಕುತ್ತಾ ನೋಡ್ತಿರು ಅಂದರೆ, ಉಕ್ಕಿ ಒಲೆ ಆರುವ ತನಕ ಪಿಳಿಪಿಳಿ ನೋಡುವ ಜಾತಿ. ಇಂಥವನಿಗೆ ಹೆಣ್ಣು ಕೊಡುವವರು ಯಾರು? ಕೇಳಿದ ಕಡೆಯಲ್ಲೆಲ್ಲ, ಮೊದಲು ಹುಡುಗನಿಗೆ ಕೆಲಸ ಸಿಗಲಿ, ಸಿಕ್ಕಿದ್ದು ನಿಲ್ಲಲಿ, ಆಮೇಲೆ ನೋಡೋಣ ಅಂದರು.

ಆ ಊರಿನ ಮೃಗಾಲಯಕ್ಕೆ ಚಳಿದೇಶದ ಬಿಳಿ ಕರಡಿಯೊಂದು ಬಂದಿತ್ತು. ತಣ್ಣಗಿನ ಮನೆ, ಈಜಲು ಕೊಳ, ಹೊತ್ತುಹೊತ್ತಿಗೆ ಮೀನು, ಎಲ್ಲ ಇತ್ತು. ಆದರೂ ಅದಕ್ಕೆ ಮಂಕು. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ, ತಲೆ ತಗ್ಗಿಸಿ ನಡೆದದ್ದೇ ನಡೆದದ್ದು. ಪ್ರಾಣಿಗಳ ಡಾಕ್ಟರಮ್ಮ ವಾರಿಜಾ ಅದನ್ನು ನೋಡಿಕೊಳ್ಳಲು ಜವರನನ್ನು ಇಟ್ಟುಕೊಂಡರು. ಯುಗಾದಿಗೆ ದೊಡ್ಡ ಸಾಹೇಬರು ಬರುತ್ತಾರೆ, ಅಷ್ಟರಲ್ಲಿ ಕರಡಿ ಆಟ ಆಡದಿದ್ದರೆ ಅದೂ ಬೇರೆ ಊರಿಗೆ, ನೀನೂ ನಿಮ್ಮ ಮನೆಗೆ ಅಂದರು.

ದ್ಯಾವಮ್ಮ ಮಗನಿಗೆ ಬುದ್ಧಿ ಹೇಳಿದಳು. "ಮಗಾ, ಕರಡೀನ ಮನೆಗ್ ಬಂದ ನೆಂಟ ಅಂದ್ಕೋ."

ಜವರ ಹಾಗೇ ಅಂದುಕೊಂಡ. ಕಂಬಿಯ ಅಡಿಯಿಂದ ಬಾಳೆ ಎಲೆ ತೂರಿಸಿದ, ನೀರು ಚಿಮುಕಿಸಿದ, ಕೋಲಿನ ತುದಿಯಲ್ಲಿ ಮೀನು ಬಡಿಸಿದ. ನಾಚ್ಕೋಬೇಡಿ, ಇನ್ನೊಂದು ಹಾಕ್ಲಾ ಅಂತ ಉಪಚಾರ ಬೇರೆ. ಕರಡಿ ಎಲೆಸಮೇತ ನುಂಗಿ ಮತ್ತೆ ಗೋಡೆಯಿಂದ ಗೋಡೆಗೆ ಹೊರಟಿತು.

ಡಾಕ್ಟರಮ್ಮ ಬೈದರು. ಕೂತಲ್ಲಿಗೇ ಊಟ ಬಂದರೆ ಯಾರಿಗಾದರೂ ಮಂಕು ಹಿಡಿಯುತ್ತೆ, ಊಟ ಬಚ್ಚಿಡಬೇಕು, ಹುಡುಕಿ ತಿನ್ನಬೇಕು ಅಂದರು. ಜವರ ಆಗಲಿ ಅಂದ.

ಮರುದಿನ ಡಾಕ್ಟರಮ್ಮನ ಮನೆಯಿಂದ ಕ್ಯಾರಿಯರ್ ಬಂತು. ಜವರ ಅನ್ನದ ಡಬ್ಬಿಯನ್ನು ಮರಳಲ್ಲಿ ಹೂತ, ಸಾರಿನದನ್ನು ಬೇವಿನ ಮರಕ್ಕೆ ಏರಿಸಿದ, ಮೊಸರಿನದನ್ನು ಆಮೆಗಳ ತೊಟ್ಟಿ ಪಕ್ಕ ಇಟ್ಟ. ಪಾಪ, ಡಾಕ್ಟರಮ್ಮ ಸೀರೆ ಎತ್ತಿಕಟ್ಟಿ ಸಂಜೆಯವರೆಗೂ ಹುಡುಕಿದರು. ಸಾರು ಸಿಗಲೇ ಇಲ್ಲ.

ಹಸಿದವರ ಬೈಗುಳ ಕೇಳಬೇಕೇ? ಬೈದು ಸಾಕಾದ ಮೇಲೆ ಹೊಸ ಬುದ್ಧಿ ಹೇಳಿದರು. ನನ್ನದನ್ನು ಮುಟ್ಟಬೇಡ, ಕರಡಿಯದನ್ನೆಲ್ಲ ನೀರಲ್ಲಿ ಹಾಕಿ ಐಸ್ ಗಡ್ಡೆ ಮಾಡು, ಅದು ಕೆರೆದು ಒಡೆದು ತಗೊಳ್ಳಲಿ, ನಾಳೆಯೇ ಯುಗಾದಿ ಅಂದರು. ಹೋಗುವಾಗ ಒಂದು ಕೀ ಕೊಟ್ಟು, ಕರಡಿ ಮನೆಯದು, ಜೋಪಾನ ಅಂತಲೂ ಹೇಳಿದರು.

ಕರಡಿ ಮನೆಯದು ಅಂದ ಮೇಲೆ ಕರಡಿಯದೇ ತಾನೇ? ಮೀನಿನ ಜೊತೆ ಕೀಯೂ ಗಡ್ಡೆಗೆ ಸೇರಿತು.

ಬೆಳಿಗ್ಗೆ ದೊಡ್ಡ ಸಾಹೇಬರು ಬಂದು ನಿಂತರು. ಜವರ ಮೇಲಿನ ಕಿಂಡಿಯಿಂದ ಗಡ್ಡೆಯನ್ನು ಕೊಳಕ್ಕೆ ಬಿಟ್ಟ. ನಡೆಯುತ್ತಿದ್ದ ಕರಡಿ ನಿಂತಿತು. ತಲೆ ಎತ್ತಿತು. ದುಡುಂ ಅಂತ ನೀರಿಗೆ ಹಾರಿ ಗಡ್ಡೆಯನ್ನು ಮುಳುಗಿಸಿತು, ತೇಲಿಸಿತು, ತಬ್ಬಿಕೊಂಡು ಉರುಳಿತು. ನೋಡಿದವರಿಗೆಲ್ಲ ಹೊಟ್ಟೆ ತುಂಬ ಸಂತೋಷ. ಕರಡಿ ಇಲ್ಲೇ ಇರಲಿ, ಈ ಹುಡುಗನೂ ಇರಲಿ ಅಂತ ಸಾಹೇಬರು ಹೇಳಿ ಹೋದರು.

ಆಮೇಲೆ ಡಾಕ್ಟರಮ್ಮ ಕೀ ಕೇಳಿದರು. ಜವರ ಗಡ್ಡೆ ತೋರಿಸಿದ. ಡಾಕ್ಟರಮ್ಮ ಕಂಬಿಯ ಹತ್ತಿರ ಓಡಿದರು. ಪುಣ್ಯಕ್ಕೆ ಕರಡಿ ಗಡ್ಡೆ ಒಡೆದು ಮೀನು ತಿಂದು, ಕೀಯನ್ನು ಮೂಸಿ, ಇದ್ಯಾವ ಸೀಮೆ ಮೀನು ಅನ್ನುವ ಹಾಗೆ ಕಂಬಿಯಾಚೆ ತಳ್ಳಿತು.

"ಅದು ನನ್ನ ಕೀ ಕಣಯ್ಯ," ಅಂದರು ಡಾಕ್ಟರಮ್ಮ. "ಇನ್ಮೇಲೆ ಯಾರಿಗೆ ಸೇರಬೇಕಾದ್ದೋ ಅದನ್ನ ಅವರಿಗೇ ಇಡು."

ಜವರ ಆಗಲಿ ಅಂದ.

ಕೆಲಸ ನಿಂತಿತು, ಹೆಣ್ಣೂ ಸಿಕ್ಕಿತು. ಚೆಲುವಿ ಅಂತ, ಹೆಸರಿಗೆ ತಕ್ಕ ಹುಡುಗಿ. ದ್ಯಾವಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಪ್ಪರದ ದಿನ ಮದುಮಗಳು ತಲೆ ತಗ್ಗಿಸಿಕೊಂಡು ಕೂತಿದ್ದಳು. ಹಾಗೆ ಕೂರಬೇಕು ಅಂತ ಹಿರಿಯರು ಹೇಳಿಕೊಟ್ಟಿದ್ದರು. ಜವರ ನೋಡಿದ, ಮರುಗಿದ. ಥೇಟ್ ಕರಡಿಯ ಮಂಕೇ!

ಬೆಳಗಾಯಿತು, ಗಟ್ಟಿಮೇಳ ಬಾರಿಸಿದರು, ಪುರೋಹಿತರು ತಾಳಿ ಕೇಳಿದರು. ತಟ್ಟೆಯಲ್ಲಿ ಬರೀ ಅಕ್ಷತೆ. ದ್ಯಾವಮ್ಮ ಮಗನ ಕಡೆ ತಿರುಗಿದಳು. ಜವರ ಎದ್ದು ಹೋಗಿ, ಗೋಣಿಚೀಲದಲ್ಲಿ ಸುತ್ತಿದ್ದ ಐಸ್ ಗಡ್ಡೆಯನ್ನು ಹೊತ್ತು ತಂದು ಮದುಮಗಳ ಮುಂದೆ ಇಳಿಸಿದ. ನಡುವೆ ತಾಳಿ ಹೊಳೆಯುತ್ತಿತ್ತು.

"ನಿಂಗೇ ಸೇರಬೇಕಾದ್ದು," ಅಂದ. "ಒಡೆದು ತಗೋ. ಮಂಕು ಬಿಟ್ಟೋಗ್ತದೆ."

ಹೆಣ್ಣಿನ ಕಡೆಯವರು ಎದ್ದು ನಿಂತರು. ಚೆಲುವಿ ಮೆಲ್ಲಗೆ ತಲೆ ಎತ್ತಿದಳು. ಗಡ್ಡೆ ನೋಡಿದಳು, ಗಂಡನ್ನು ನೋಡಿದಳು, ಕಿಲಕಿಲ ನಕ್ಕುಬಿಟ್ಟಳು. ಕೈಯಲ್ಲಿದ್ದ ತೆಂಗಿನಕಾಯಿಯಿಂದಲೇ ಗಡ್ಡೆಗೆ ಕುಟ್ಟಿದಳು. ಮೂಗಿನ ಮೇಲೆ ಕೋಪ ಇಟ್ಟುಕೊಂಡಿದ್ದ ಅವಳಪ್ಪನೂ ನಕ್ಕು ಕೂತ. ಮುಹೂರ್ತ ಮೀರುವ ಮುಂಚೆ ತಾಳಿ ಕೈಗೆ ಬಂತು, ಕೊರಳಿಗೂ ಬಿತ್ತು.

ದ್ಯಾವಮ್ಮ ಕಣ್ಣೊರೆಸಿಕೊಂಡು ಮಗನ ಕಿವಿ ಹಿಂಡಿದಳು. "ಇನ್ನೊಂದ್ಸಲ ಹಿಂಗ್ ಮಾಡ್ಬ್ಯಾಡ ಕಣ್ಲಾ."

"ಆಗ್ಲಿ ಕಣವ್ವ," ಅಂದ ಜವರ. "ಮುಂದಿನ ಮದುವೇಲಿ ತಾಳಿ ತಟ್ಟೇಲೇ ಇಡ್ತೀನಿ."

ಚೆಲುವಿ ಉಳಿದ ಐಸ್ ಚೂರನ್ನು ತೆಗೆದು ಅವನ ಅಂಗಿಯೊಳಗೆ ಬಿಟ್ಟಳು. ಕುಣಿದದ್ದು ಜವರ, ನಗುವುದು ನಿಮ್ಮ ಪಾಲು.